ಬೇಳೆ ಬೇಯಿಸಿ ನೋಡಿ ಮನೆ ಹಿಡಿದವರು

ಬಾಡಿಗೆ ಮನೆ ನೋಡಲು ಹೋದವರು ಸಾಮಾನ್ಯವಾಗಿ ಏನು ಕೇಳುತ್ತಾರೆ? ಅಡ್ವಾನ್ಸ್ ಎಷ್ಟು, ಕಕ್ಕಸು ಒಳಗಿದೆಯೋ ಹೊರಗಿದೆಯೋ, ಮಾಲೀಕರು ಪಕ್ಕದಲ್ಲೇ ಇರುತ್ತಾರೋ ಹೇಗೆ. ನಮ್ಮ ಅಕ್ಕೋರು ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಹೊಸ್ತಿಲು ದಾಟಿದವರೇ ನೇರ ಅಡುಗೆಮನೆಗೆ ಹೋಗಿ, ನಳ ತಿರುವಿ, ಬೊಗಸೆಯಲ್ಲಿ ನೀರು ಹಿಡಿದು ಮೂಸಿ ನೋಡಿ, ವ್ಯಾನಿಟಿ ಬ್ಯಾಗಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆಯುತ್ತಿದ್ದರು. ಗಂಟಿನಲ್ಲಿ ಒಂದು ಹಿಡಿ ತೊಗರಿಬೇಳೆ.

"ಬಾಡಗಿ ಮಾತು ಆಮ್ಯಾಲ ಆಡೂಣ್ರಿ. ಮದ್ಲ ಈ ಬ್ಯಾಳಿ ನಿಮ್ಮ ನಳದ ನೀರಾಗ ಒಲಿ ಮ್ಯಾಲೆ ಇಡ್ರಿ."

ಒಮ್ಮೆ ನಾನೂ ಜೊತೆಗಿದ್ದೆ. ಮನೆಯ ಯಜಮಾನಿ ಕಣ್ಣು ಅಗಲಿಸಿ, "ಏನವ್ವ, ಮನಿ ನೋಡಾಕ ಬಂದೀಯೋ, ಅಡಗಿ ಮಾಡಾಕ ಬಂದೀಯೋ?" ಎಂದಳು.

"ಎರಡೂ ಒಂದ ಅಲ್ಲೇನ್ರಿ? ನಾ ಏನು ಗ್ವಾಡಿ ತಿಂದು ಬದುಕ್ತೀನೇನು?"

ಬೇಳೆ ಕುದಿಯುವಷ್ಟು ಹೊತ್ತೂ ಅಕ್ಕೋರು ಕೂರಲಿಲ್ಲ. ಆ ಮನೆಯ ಅಂಗಳದಲ್ಲಿ ಈ ಗೋಡೆಯಿಂದ ಆ ಗೋಡೆಗೆ ಓಡಾಡಿದರು. ಯಜಮಾನಿ ಕೊಟ್ಟ ಚಹಾವನ್ನು ಅಲ್ಲೇ ಕಟ್ಟೆಯ ಮೇಲೆ ಆರಲು ಬಿಟ್ಟರು. ಕೊನೆಗೆ ಚಮಚದಲ್ಲಿ ಎರಡು ಕಾಳು ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿದರು. ಒಳಗೆ ಗಟ್ಟಿ ಉಳಿದಿತ್ತು.

"ಮನಿ ಭಾಳ ಛಲೋ ಐತ್ರಿ. ನಳಾ ಛಲೋ ಇಲ್ಲ. ಬರ್ತೀವ್ರಿ," ಎಂದು ಚಪ್ಪಲಿ ಮೆಟ್ಟಿಯೇ ಬಿಟ್ಟರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಕುಷ್ಟಗಿ ಎಷ್ಟು ದೊಡ್ಡ ಊರು? ಆ ಯಜಮಾನಿ ನನಗೆ ಮರುದಿನ ಸಂತೆಯಲ್ಲಿ ಎದುರಾಗುವವಳೇ.

ನಮ್ಮ ಕಡೆಯವರಿಗೆ ಈ ಪರೀಕ್ಷೆಯಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಗಡಸು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಎಷ್ಟು ಕುದಿಸಿದರೂ ನೀರು ಬೇರೆ ಕಾಳು ಬೇರೆ. ನಮ್ಮ ಹೆಣ್ಣುಮಕ್ಕಳು ನೀರಿನ ಗುಣ ತಿಳಿಯುವುದೇ ಬೇಳೆಯಿಂದ, ಸಾಬೂನಿನ ನೊರೆಯಿಂದ. ಬೇಳೆ ಬೆಂದರೆ ಒಳ್ಳೆಯ ನೀರು, ಬೇಯದಿದ್ದರೆ ಕೆಟ್ಟ ನೀರು. ಯಲಬುರ್ಗಾದಲ್ಲಿ ನನ್ನ ಅವ್ವ, ಅವಳ ಅತ್ತೆ, ಎಲ್ಲರೂ ಇದನ್ನೇ ನಂಬಿ ಬಾಳಿದವರು. ವಿಚಿತ್ರವಿದ್ದದ್ದು ಅಕ್ಕೋರ ಆತುರದಲ್ಲಿ. ಉಳಿದವರು ಇದ್ದ ನೀರಿಗೆ ಹೊಂದಿಕೊಳ್ಳುತ್ತಿದ್ದರು. ಇವರು ಒಂದು ವರ್ಷ ಒಂದು ಮನೆಯಲ್ಲಿ ನಿಂತರೆ ಅದೇ ಹೆಚ್ಚು.

ಕೊಪ್ಪಳ ಹೊಸ ಜಿಲ್ಲೆಯಾದ ವರ್ಷ ನಾನು ಕುಷ್ಟಗಿಯ ಶಾಲೆಗೆ ಬಂದೆ. ಪಾಠ ಹೇಳುವ ಹೆಂಗಸರನ್ನು ನಮ್ಮಲ್ಲಿ ಅಕ್ಕೋರು ಎನ್ನುತ್ತಾರೆ. ಶಾಲೆಯಲ್ಲಿ ನಾವು ನಾಲ್ಕೈದು ಜನ ಅಕ್ಕೋರಿದ್ದರೂ ಬರೀ "ಅಕ್ಕೋರು" ಎಂದರೆ ಇವರೊಬ್ಬರೇ. ನನಗಿಂತ ಹತ್ತು ವರ್ಷ ಹಿರಿಯರು. ಸಣ್ಣ ಆಳು, ದೊಡ್ಡ ದನಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದರು, ಯಾವ ಗಳಿಗೆಯಲ್ಲಿ ಎಲ್ಲಿಗೆ ಹೊರಡಬೇಕಾಗುತ್ತದೋ ಎಂಬಂತೆ. ಪಾಠ ಹೇಳುವಾಗಲೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಹಿಂದಿನ ಬೆಂಚಿನ ಹುಡುಗರು ಅವರನ್ನು ನೋಡೀ ನೋಡೀ ಕುತ್ತಿಗೆ ನೋವೆಂದು ಗೊಣಗುತ್ತಿದ್ದರು.

ಅವರು ಹುಟ್ಟಿ ಬೆಳೆದದ್ದು ಆನೆಗುಂದಿ ಕಡೆಯ ಹನುಮನಹಳ್ಳಿಯಲ್ಲಿ, ತುಂಗಭದ್ರೆಯ ದಂಡೆಯಲ್ಲಿ. ಈಗ ಅಲ್ಲಿ ಅಂಜನಾದ್ರಿಗೆ ಬರುವವರ ಬಸ್ಸು, ಕಾರು, ಜನವೋ ಜನ. ಅವರ ಬಾಲ್ಯದಲ್ಲಿ ಇದ್ದದ್ದು ಬಂಡೆ, ಭತ್ತದ ಗದ್ದೆ, ಹೊಳೆ. ಕುಷ್ಟಗಿಗೆ ಸೊಸೆಯಾಗಿ ಬಂದ ಮರುದಿನ ತಲೆಗೆ ಎರೆದುಕೊಂಡರಂತೆ. ಸಾಬೂನು ನೊರೆ ಬರುವ ಬದಲು ಮೊಸರು ಒಡೆದಂತೆ ಒಡೆದು ಕೂದಲಿಗೆ ಅಂಟಿತಂತೆ. ಬಚ್ಚಲಲ್ಲೇ ಕುಳಿತು ಅತ್ತರಂತೆ.

"ಅತ್ತಿ ಹೊರಗಿಂದ ಕೇಳಿದ್ಲು, ಯಾಕ ಅಳ್ತೀದಿ, ತವರುಮನಿ ನೆನಪಾತೇನು ಅಂತ. ಹೌದ್ರಿ ಅಂದೆ. ಯಾರ ನೆನಪಾತು ಅಂದ್ಲು. ಹೊಳೀದು ಅಂದೆ. ಹುಚ್ಚಿ ಐತಿ ಇದು ಅಂದ್ಲು." ಇದನ್ನು ಹೇಳಿ ಅವರೇ ಜೋರಾಗಿ ನಗುತ್ತಿದ್ದರು.

ಗಂಡ ಕಾಳುಕಡಿ ವ್ಯಾಪಾರದ ಅಡತಿ ಅಂಗಡಿಯಲ್ಲಿ ಗುಮಾಸ್ತ. ಮಾತು ಕಡಿಮೆ, ಆಡಿದರೆ ಮೆತ್ತಗೆ ಚುಚ್ಚುವಂಥದ್ದು. ಪ್ರತಿಸಲ ಸಾಮಾನು ಟ್ರ್ಯಾಕ್ಟರಿಗೆ ಏರಿಸುವಾಗ, "ಸರ್ಕಸ್ ಕಂಪನೀನೂ ಒಂದೂರಾಗ ತಿಂಗಳೊಪ್ಪತ್ತು ನಿಲ್ತೈತಿ ನೋಡ್ರಿ," ಎನ್ನುತ್ತಿದ್ದರು. ಆದರೆ ಏರಿಸುತ್ತಿದ್ದರು. ಹುಣ್ಣಿಮೆಗೆ ಹೊಳೆದಂಡೆಯ ಹುಲಿಗಿಯ ಅಮ್ಮನ ಗುಡಿಗೆ ಹೋದಾಗ ಉಳಿದವರೆಲ್ಲ ಅಮ್ಮನ ಭಂಡಾರ ಕಟ್ಟಿಸಿಕೊಂಡು ಬಂದರೆ ಅಕ್ಕೋರು ಎಣ್ಣೆಯ ಕ್ಯಾನಿನಲ್ಲಿ ಹೊಳೆ ನೀರು ತುಂಬಿಸಿಕೊಂಡು ಬರುತ್ತಿದ್ದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರಬೇಕಾದವರು ಆ ಬಡಪಾಯಿ ಗಂಡ.

ನಾನು ಅವರನ್ನು ಇಷ್ಟಪಡುತ್ತಿದ್ದೆನೇ? ಮೊದಮೊದಲು ಇಲ್ಲ. ನನ್ನ ಮನೆಗೆ ಬಂದರೆ ಚಹಾದ ಪಾತ್ರೆಯನ್ನು ಬೆಳಕಿಗೆ ಹಿಡಿದು ಒಳಗಿನ ಬಿಳಿ ಪದರನ್ನು ಉಗುರಿನಿಂದ ಕೆರೆಯುತ್ತಿದ್ದರು. "ನೋಡು ತಂಗಿ, ಸುಣ್ಣಾ ಕುಡೀತೀದಿ ನೀ. ಗ್ವಾಡಿಗೆ ಬಳಿಯೋದನ್ನ ಹೊಟ್ಟಿಗೆ ಬಳಕೊಳ್ಳಾಕತ್ತೀದಿ." ನಮ್ಮ ಹಳೆಯ ಓಣಿಯ ನಳದ ನೀರು ಊರಿಗೇ ಗಡಸು ಎಂದು ಹೆಸರಾಗಿತ್ತು, ನಿಜ. ಹಂಡೆಯ ಒಳಗೆ ಕಲ್ಲು ಕಟ್ಟಿತ್ತು, ನಳದ ಬಾಯಿ ಮುಚ್ಚಿ ಹೋಗುತ್ತಿತ್ತು, ನನ್ನ ಬೇಳೆಸಾರಿನಲ್ಲಿ ಕಾಳು ಹಲ್ಲಿಗೆ ಸಿಗುತ್ತಿತ್ತು. ಆದರೂ ನನ್ನ ಮನೆಯಲ್ಲಿ ಕುಳಿತು ನನ್ನ ಪಾತ್ರೆ ಕೆರೆದರೆ ಯಾರಿಗೆ ತಡೆದೀತು? "ನಿಮಗ ಬ್ಯಾಡಂದ್ರ ಕುಡೀಬ್ಯಾಡ್ರಿ," ಎಂದು ಒಮ್ಮೆ ಕಪ್ಪು ಕಸಿದುಕೊಂಡೆ. ಅವರು ಒಂದಿಷ್ಟೂ ಬೇಜಾರಾಗದೆ ಎದ್ದು ಹೋಗಿ, ಸಂಜೆ ತಮ್ಮ ಮನೆಯಿಂದ ಒಂದು ತಂಬಿಗೆ ಹುಲಿಗಿ ನೀರು ಕಳಿಸಿದರು. ಅದರಲ್ಲಿ ಮಾಡಿದ ಚಹಾ ರುಚಿಯಾಗಿತ್ತು. ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚು ಮಾಡಿತು.

ಯಲಬುರ್ಗಾದಲ್ಲಿ ಶಿಕ್ಷಕರ ತರಬೇತಿಗೆ ಹೋದಾಗ ನಮ್ಮ ತವರುಮನೆಯಲ್ಲೇ ಇಬ್ಬರೂ ಉಳಿದೆವು. ಅಲ್ಲಿಯೂ ಅವರ ಗಂಟು ಹೊರಬಂತು. ನನ್ನ ಅವ್ವ ಮತ್ತು ಅವರು ಒಲೆಯ ಮುಂದೆ ಕುಳಿತು ಬೇಳೆ ಹಿಸುಕುತ್ತಾ ನೀರಿನ ಬಗ್ಗೆ ಆಡಿದ ಮಾತು ಊಟ ಮುಗಿದರೂ ಮುಗಿಯಲಿಲ್ಲ. "ನಿಮ್ಮ ಅಕ್ಕೋರು ಬೆರಕಿ ಅದಾರ," ಎಂದು ಅವ್ವ ಅವರ ಜಾಣತನವನ್ನು ಮೆಚ್ಚಿಕೊಂಡಳು. ಅವ್ವ ಯಾರನ್ನೂ ಸುಲಭಕ್ಕೆ ಮೆಚ್ಚುವವಳಲ್ಲ. ಅಂದಿನಿಂದ ನನಗೂ ಅವರ ಮೇಲೆ ಸಲಿಗೆ ಹುಟ್ಟಿತು.

ಹೀಗೆ ಅಲೆದಾಡುತ್ತಿದ್ದವರಿಗೆ ಕೊನೆಗೊಂದು ನಳ ಸಿಕ್ಕಿತು. ಊರ ಹೊರಗೆ ಗುಡ್ಡದ ಕಡೆ ಹೊಸದಾಗಿ ಎದ್ದ ಓಣಿ. ಅಲ್ಲಿ ಆಳದ ಬೋರು ಕೊರೆದು ಮನೆಮನೆಗೆ ನಳ ಎಳೆದಿದ್ದರು. ಅಕ್ಕೋರು ಗಂಟು ಬಿಚ್ಚಿ ಬೇಳೆ ಇಟ್ಟರು. ಬೇಳೆ ಅರಳಿ, ಒಡೆದು, ಕರಗಿ ಗಂಜಿಯಾಯಿತು. ಮರುದಿನ ಶಾಲೆಗೆ ಒಂದು ಡಬ್ಬಿ ತುಂಬ ತಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಚಮಚೆಯಲ್ಲಿ ತೋರಿಸಿದರು. ಕಣ್ಣಲ್ಲಿ ನೀರಿತ್ತು. "ನಮ್ಮ ಹೊಳಿ ನೀರಾಗ ಬೆಂದಂಗ ಬೆಂದೈತ್ರಿ. ಉಪ್ಪಿಲ್ಲ, ಸವುಳಿಲ್ಲ. ಸಾಬೂನಾ ನೊರಿ ಬುಸುಬುಸು. ಇದು ಅಮೃತ ಐತಿ, ಅಮೃತ."

ಆ ಓಣಿಯಲ್ಲಿ ಅವರು ನಿಂತರು. ಟ್ರ್ಯಾಕ್ಟರು ಬರುವುದು ನಿಂತಿತು. ಗಂಡ ಮೊದಲ ಸಲ ಗೋಡೆಗೆ ಮೊಳೆ ಹೊಡೆದು ಕ್ಯಾಲೆಂಡರು ತೂಗುಹಾಕಿದರು. ಅಕ್ಕೋರು ಹೇಳೀ ಹೇಳೀ ಇನ್ನೂ ಮೂರ್ನಾಲ್ಕು ಸಂಸಾರಗಳನ್ನು ಅಲ್ಲಿಗೆ ಎಳೆತಂದರು. ನನ್ನನ್ನೂ ಕರೆದರು. ಹೋಗಬೇಕೆಂದೇ ಇದ್ದೆ, ಆದರೆ ನನ್ನ ಅತ್ತೆಗೆ ಹಳೆಯ ಓಣಿಯ ಮಠ ಬಿಟ್ಟು ಬರುವ ಮನಸ್ಸಿರಲಿಲ್ಲ. ಬೇರೆ ಓಣಿಗಳಲ್ಲಿ ಮದುವೆಯಂಥ ಕಾರ್ಯವಿದ್ದವರು ಕೂಡ ಬೇಳೆಗೆಂದು ಆ ನಳದಿಂದ ಕೊಡ ಹೊತ್ತು ಒಯ್ಯುವಂತಾಯಿತು. ಅಕ್ಕೋರು ಬಾಗಿಲಲ್ಲಿ ನಿಂತು ಊರಿಗೆಲ್ಲ ಆ ನೀರನ್ನು ತಾವೇ ಕೊಟ್ಟವರಂತೆ ನೋಡುತ್ತಿದ್ದರು. ಆಗ ಅವರ ಮುಖದಲ್ಲಿ ಕಂಡ ಸಮಾಧಾನವನ್ನು ನಾನು ಮುಂದೆ ಬಹಳ ವರ್ಷ ಕಾಣಲಿಲ್ಲ.

ಅವರಿಗೊಬ್ಬಳೇ ಮಗಳು. ಆ ಓಣಿಗೆ ಹೋದಾಗ ಇನ್ನೂ ಅಂಗನವಾಡಿಯ ಕೂಸು. ತಾಯಿಯ ಹಾಗೆ ಜೋರು ನಗೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ಅವು ಬೆಳ್ಳಗಿರಲಿಲ್ಲ. ಮೊದಲು ಸೀಮೆಸುಣ್ಣದಂಥ ಮಂಕು ಪಟ್ಟೆ, ಆಮೇಲೆ ಹಳದಿ, ಆಮೇಲೆ ಕಂದು. ಶಾಲೆಗೆ ಹೋಗುವ ದಾರಿಯಲ್ಲಿ ನಾನು ತಾಯಿ ಮಗಳನ್ನು ಕರೆಯಲು ನಿಂತಾಗ ಒಳಗಿನಿಂದ ಕೇಳುತ್ತಿದ್ದದ್ದು ಒಂದೇ ಮಾತು.

"ತಿಕ್ಕು! ಇನ್ನೂ ತಿಕ್ಕು! ಮಾಸ್ತರಣಿ ಮಗಳ ಬಾಯಿ ಹಿಂಗಿರ್ತೈತೇನು?"

ಬೂದಿ, ಉಪ್ಪು, ಬೇವಿನ ಕಡ್ಡಿ, ಇದ್ದಿಲು, ಯಾವುದನ್ನೂ ಬಿಡಲಿಲ್ಲ. ಹುಡುಗಿಯ ವಸಡಿನಲ್ಲಿ ರಕ್ತ ಬರುತ್ತಿತ್ತು. ಚಾಕಲೇಟು ತಿಂದೆಯಾ ಎಂದು ಒಮ್ಮೆ ಕೆನ್ನೆಗೆ ಬಾರಿಸಿದ್ದನ್ನೂ ನೋಡಿದೆ. "ಯಾಕ್ರೀ ಹಂಗ ಹೊಡೀತೀರಿ?" ಎಂದರೆ, "ನಿನಗ ಮಕ್ಕಳಾಗ್ಲಿ, ಆಮ್ಯಾಲ ಮಾತಾಡು," ಎಂದು ನನ್ನ ಬಾಯಿ ಮುಚ್ಚಿಸಿದರು. ಹುಡುಗಿ ಮಾತ್ರ ಆಗಲೇ ನಗುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯಲು ಕಲಿತಿದ್ದಳು.

ಒಂದು ದಿನ ನೀರು ಪರೀಕ್ಷೆಯವರು ಜೀಪಿನಲ್ಲಿ ಶಾಲೆಗೆ ಬಂದರು. ತಮ್ಮ ತಮ್ಮ ಮನೆಯ ನಳದ ನೀರನ್ನು ಬಾಟಲಿಯಲ್ಲಿ ತರಬೇಕೆಂದು ಶಿಕ್ಷಕರಿಗೆ ಹಿಂದಿನ ದಿನವೇ ಹೇಳಿದ್ದರು. ಅಕ್ಕೋರು ಬಾಟಲಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು ತಂದಿದ್ದರು. ಸರತಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತರು. ನಾನು ನನ್ನ ಗಡಸು ನೀರನ್ನು ಸೆರಗಿನ ಮರೆಯಲ್ಲಿ ಹಿಡಿದು ಹಿಂದೆ ನಿಂತಿದ್ದೆ. "ಬಾ ಬಾ, ಸುಣ್ಣದ ಸಾಹುಕಾರ್ತಿ," ಎಂದು ಅವರು ಕಣ್ಣು ಮಿಟುಕಿಸಿದರು.

ಪರೀಕ್ಷೆ ಮಾಡುತ್ತಿದ್ದವನು ಎಳೆಯ ವಯಸ್ಸಿನ ಅಧಿಕಾರಿ. ಗಾಜಿನ ಕೊಳವೆಯಲ್ಲಿ ನೀರು ಹಾಕಿ ಕೆಂಪು ದ್ರಾವಣದ ಹನಿ ಬಿಡುತ್ತಿದ್ದ. ನೀರು ಗುಲಾಬಿ ಬಣ್ಣಕ್ಕೇ ನಿಂತರೆ ಚಿಂತೆಯಿಲ್ಲ, ಹಳದಿಗೆ ತಿರುಗಿದರೆ ಫ್ಲೋರೈಡ್ ಹೆಚ್ಚು ಎಂದು ಮೊದಲೇ ವಿವರಿಸಿದ್ದ. ಅಕ್ಕೋರ ನೀರು ನೋಡುತ್ತಿದ್ದಂತೆ ಹಳದಿಯಾಯಿತು.

"ನಿಮ್ಮ ಔಷಧಿ ಕೆಟ್ಟೈತಿ," ಎಂದರು ಅಕ್ಕೋರು. "ಇನ್ನೊಮ್ಮಿ ಮಾಡ್ರಿ."

ಆತ ಇನ್ನೊಮ್ಮೆ ಮಾಡಿದ. ಮತ್ತೆ ಹಳದಿ. ನನ್ನ ಬಾಟಲಿ ತೆಗೆದುಕೊಂಡು ಹನಿ ಬಿಟ್ಟ. ಗುಲಾಬಿ ಗುಲಾಬಿಯಾಗಿಯೇ ಉಳಿಯಿತು.

"ಇದೆಂಥಾದ್ರೀ ಲೆಕ್ಕಾ? ಈಕಿ ನೀರಾಗ ಬ್ಯಾಳಿ ಬೇಯಂಗಿಲ್ಲ. ನಮ್ಮ ನೀರಾಗ ಬೆಣ್ಣಿ ಕರಗಿದಂಗ ಕರಗ್ತೈತಿ. ಯಾರನರ ಕೇಳ್ರಿ."

ಆತ ತಾಳ್ಮೆಯಿಂದಲೇ ಹೇಳಿದ. "ಅದಕ್ಕರೀ ಮೇಡಂ. ನೀರಾಗ ಸುಣ್ಣದ ಅಂಶ ಇದ್ರ ಅದು ಫ್ಲೋರೈಡ್ ಹಿಡಕೊಂಡು ಕೆಳಗ ಕೂರಿಸ್ತದ. ನಿಮ್ಮ ಬೋರಿನಾಗ ಸುಣ್ಣ ಇಲ್ಲ, ಸೋಡಾದಂಥಾ ಕ್ಷಾರ ಐತಿ. ಹಂಗಾಗಿ ಬ್ಯಾಳಿ ಬೇಯ್ತಾವ. ಫ್ಲೋರೈಡೂ ಹಂಗ ನೀರಾಗ ಉಳೀತದ. ಗಡಸು ನೀರು ಎಲ್ಲಾ ಛಲೋ ಅಂತಲ್ಲ, ಮೆದು ನೀರು ಎಲ್ಲಾ ಕೆಟ್ಟದ್ದು ಅಂತಲ್ಲ. ಪರೀಕ್ಷೆ ಮಾಡಿದ್ರನ ಗೊತ್ತಾಗೂದು. ಬ್ಯಾಳಿಗೆ ಅದು ತಿಳಿಯಂಗಿಲ್ಲ."

ಅಷ್ಟರಲ್ಲಿ ಇನ್ನೊಬ್ಬ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಯಿ ತೆಗೆಸಿ ನೋಡುತ್ತಿದ್ದ. ಸಾಲಿನಲ್ಲಿ ಅಕ್ಕೋರ ಮಗಳಿದ್ದಳು. ಅವಳ ಸರತಿ ಬಂದಾಗ ಮೊದಲು ತಾಯಿಯ ಕಡೆ ನೋಡಿದಳು, ಬೈಯುತ್ತಾರೇನೋ ಎಂಬ ಹೆದರಿಕೆಯಿಂದ. ಆಮೇಲೆ ಬಾಯಿ ತೆಗೆದಳು.

"ಈ ಕಲಿ ತಿಕ್ಕಿದ್ರ ಹೋಗ್ತಾವಲ್ರೀ?" ಅಕ್ಕೋರ ದನಿ ಒಮ್ಮೆಲೇ ಸಣ್ಣದಾಗಿತ್ತು.

"ಇಲ್ರಿ. ಹಲ್ಲು ಒಳಗ ತಯಾರಾಗೂವಾಗ ಫ್ಲೋರೈಡಿನಿಂದ ಬಿದ್ದ ಕಲಿ ಅದು. ತಿಕ್ಕಿದ್ರ ಹೋಗಂಗಿಲ್ಲ."

ಅಕ್ಕೋರು ಅಲ್ಲಿಂದ ಹೊರಟು ಹೋದರು. ಮಧ್ಯಾಹ್ನ ನಾನು ಹುಡುಕಿಕೊಂಡು ಹೋದಾಗ ಶಾಲೆಯ ಹಿಂದಿನ ಗೋಡೆಗೆ ಮುಖ ಮಾಡಿ ನಿಂತಿದ್ದರು. "ರಕ್ತ ಬರೂಹಂಗ ತಿಕ್ಕಿಸಿದೆ ತಂಗಿ," ಎಂದರು. "ಕುಡಿಸಿದಾಕಿನೂ ನಾನ. ತಿಕ್ಕಿಸಿದಾಕಿನೂ ನಾನ." ಅವರ ಕೈ ಹಿಡಿದುಕೊಂಡೆ, ಕೊಸರಿಕೊಂಡರು.

ಟ್ರ್ಯಾಕ್ಟರು ಮತ್ತೆ ಬಂತು. ಈ ಸಲ ಬೇಳೆ ಬೇಯಿಸಿ ನೋಡಲಿಲ್ಲ. ನಮ್ಮ ಹಳೆಯ ಓಣಿಯಲ್ಲಿ, ನನ್ನ ಮನೆಯ ಪಕ್ಕದಲ್ಲೇ, ಆ ಊರಿಗೇ ಗಡಸಾದ ನಳ ಇರುವ ಮನೆಗೆ ಬಂದರು. ಗಂಡ ಸಾಮಾನು ಇಳಿಸುತ್ತಾ, "ಇಷ್ಟು ವರ್ಷ ಛಲೋ ನೀರಿಗಂತ ಮನಿ ಬಿಟ್ಟಿವಿ. ಈಗ ಸುಣ್ಣದ ನೀರಿಗಂತ ಬಂದೀವಿ," ಎಂದರು. ಅಕ್ಕೋರು ತಲೆ ತಗ್ಗಿಸಿಕೊಂಡು ಹಂಡೆಯನ್ನು ಒಳಗೆ ಸಾಗಿಸಿದರು.

ಆದರೆ ಮನೆ ಬಿಟ್ಟಷ್ಟು ಸುಲಭವಾಗಿ ಆ ಓಣಿಯನ್ನು ಬಿಡಲು ಅವರಿಗೆ ಆಗಲಿಲ್ಲ. ಬೋರಿನ ಹತ್ತಿರದ ನಳಕ್ಕೆ ಕೆಂಪು ಬಣ್ಣ ಬಳಿದು, ಕುಡಿಯಲು ಯೋಗ್ಯವಲ್ಲ ಎಂದು ಬರೆದಿದ್ದರು. ಜನ ಕೆಂಪು ಬಣ್ಣ ನೋಡಿಕೊಂಡೇ ಕೊಡ ತುಂಬುತ್ತಿದ್ದರು. ಅಕ್ಕೋರು ದಿನಾ ಬೆಳಿಗ್ಗೆ ಶಾಲೆಗೆ ಮುಂಚೆ ಅಲ್ಲಿ ಹೋಗಿ ನಿಲ್ಲತೊಡಗಿದರು. ಒಂದೆರಡು ಸಲ ನಾನೂ ಹಿಂದೆ ಹೋದೆ, ಜಗಳವಾದರೆ ಬಿಡಿಸಲು ಯಾರಾದರೂ ಬೇಕಲ್ಲ.

"ಅಕ್ಕೋರ, ಇದು ಅಮೃತ ಅಂತ ಹೇಳಿದವ್ರು ನೀವ ಅಲ್ಲೇನ್ರಿ?" ಎಂದು ಒಬ್ಬಾಕೆ ಕೇಳಿದಳು. ಅವಳೇನು ಚುಚ್ಚಲೆಂದು ಕೇಳಿದ್ದಲ್ಲ.

"ನಾನ ಹೇಳಿದ್ದೆ. ಈಗ ಬ್ಯಾಡ ಅಂತ ಹೇಳಾಕತ್ತಾಕಿನೂ ನಾನ. ಆಗ ನನ್ನ ಮಾತು ಕೇಳಿದ್ರಿಲ್ಲ? ಈಗೂ ಕೇಳ್ರಿ."

"ಕುಡಿಯಾಕ ಒಯ್ಯಂಗಿಲ್ಲ ಬಿಡ್ರಿ. ಬ್ಯಾಳಿಗೆ ಅಷ್ಟ."

"ಬ್ಯಾಳಿ ಏನು ಕಿವ್ಯಾಗ ಹಾಕ್ಕೊಂತೀಯೇನು?"

ಎಲ್ಲರೂ ನಕ್ಕರು. ನಕ್ಕು ಕೊಡ ತುಂಬಿಕೊಂಡು ಹೋದರು. ಅವರ ತಪ್ಪೆಂದು ನಾನು ಹೇಳಲಾರೆ. ಒಲೆಯ ಮುಂದೆ ಕೂರುವವರು ಅವರು, ಕಟ್ಟಿಗೆ ತರುವವರು ಅವರು, ಬೇಳೆ ಬೇಯದಿದ್ದರೆ ಗಂಡನಿಂದ ಬೈಸಿಕೊಳ್ಳುವವರೂ ಅವರೇ. ನೀರು ಕಣ್ಣಿಗೆ ತಿಳಿಯಾಗಿದೆ, ನಾಲಿಗೆಗೆ ಸಿಹಿಯಾಗಿದೆ. ಅದರಲ್ಲಿ ಕೆಟ್ಟದ್ದಿದೆ ಎಂದರೆ ಹೇಗೆ ನಂಬಬೇಕು?

ಆಗ ಅವರು ಒಂದು ಹೊಸ ಹುಚ್ಚು ಹಿಡಿಸಿಕೊಂಡರು. ಆ ಓಣಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಉಡುಗೊರೆಯ ಕುಬಸದ ಜೊತೆಗೆ ನಮ್ಮ ನಳದಿಂದ ಒಂದು ಕೊಡ ನೀರು ಹೊತ್ತುಕೊಂಡು ಹೋಗುತ್ತಿದ್ದರು. ಬಾಣಂತಿಯ ಮುಂದೆ ಕೊಡ ಇಳಿಸಿ, "ಕೂಸಿಗೆ ಮ್ಯಾಲಿನ ನೀರು ಕುಡಿಸಾಕ ಹತ್ತಿದಾಗಿಂದ ಇದ. ಕೂಸಿನ ಅನ್ನಾನೂ ಇದರಾಗ ಮಾಡ್ರಿ. ನಾ ದಿನಾ ತಂದಕೊಡ್ತೀನಿ," ಎನ್ನುತ್ತಿದ್ದರು. ಕೊಡ ಹೊತ್ತು ಅಷ್ಟು ದೂರ ನಡೆದು ಬರುವ ಅಕ್ಕೋರನ್ನು ನೋಡಿ ಮುದುಕಿಯರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಬೇಳೆ ಬೇಯದ ನೀರನ್ನು ಉಡುಗೊರೆ ತಂದವರನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಒಂದು ಮನೆಯಲ್ಲಿ ಇವರ ಕಣ್ಣೆದುರೇ ಆ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದರು. ಮರುದಿನ ಮತ್ತೆ ಅದೇ ಮನೆಗೆ ಹೋದರು. ನಾನಾಗಿದ್ದರೆ ಕೊಡ ಅಲ್ಲೇ ಒಡೆದು ಬರುತ್ತಿದ್ದೆ.

"ಇದೇನ್ರಿ ನಿಮ್ಮ ಪ್ರಾಯಶ್ಚಿತ್ತ?" ಎಂದು ಒಮ್ಮೆ ರೇಗಿದೆ. "ಸೊಂಟ ಹಿಡಕೊಂಡು ಕೂತ್ರ ಯಾರು ನೋಡ್ತಾರ?"

"ಎಂಥಾ ಪ್ರಾಯಶ್ಚಿತ್ತನೂ ಅಲ್ಲ. ಆ ಕೂಸಿನ ಹಲ್ಲು ಇನ್ನೂ ವಸಡಿನೊಳಗ ಅದಾವ. ಒಳಗ ಇರೂತನಕ ಟೈಮ್ ಐತಿ. ಹೊರಗ ಬಂದ ಮ್ಯಾಲೆ ನೀನೂ ಇಲ್ಲ, ನಾನೂ ಇಲ್ಲ." ಹೇಳುತ್ತಲೇ ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡರು.

ಕೊಪ್ಪಳಕ್ಕೂ ಓಡಾಡಿದರು, ಬೇರೆ ಕಡೆಯಿಂದ ನೀರು ಕೊಡಿ ಎಂದು ಅರ್ಜಿ ಹಿಡಿದು. ರಜೆಯೆಲ್ಲ ಅದಕ್ಕೇ ಹೋಯಿತು. ಅವರೊಬ್ಬರಿಂದಲೇ ಆಯಿತೆಂದು ಹೇಳುವುದಿಲ್ಲ, ಹಲವರು ಕೇಳಿದ್ದರು. ಅಂತೂ ಕೆಲವು ವರ್ಷಕ್ಕೆ ಆ ಬೋರಿನ ಪೈಪು ಕತ್ತರಿಸಿ ಓಣಿಗೆ ಬೇರೆ ನೀರಿನ ನಳ ಜೋಡಿಸಿದರು. ಹೆಂಗಸರು ಬೇಳೆ ಬೇಯುವುದಿಲ್ಲವೆಂದು ಅಕ್ಕೋರಿಗೆ ಶಾಪ ಹಾಕಿದರು. ಅಕ್ಕೋರು ಅದನ್ನು ನನಗೆ ಬಂದು ಹೇಳಿ ಬಹಳ ದಿನಗಳ ಮೇಲೆ ನಕ್ಕರು.

ತಮ್ಮ ಮನೆಯಲ್ಲಿ ಮಾತ್ರ ಅವರ ಬೇಳೆ ಬೇಯಲೇ ಇಲ್ಲ. ನೆನೆಹಾಕಿ ಕುಕ್ಕರಿನಲ್ಲಿಟ್ಟರೂ ಗಟ್ಟಿ. ಚಿಟಿಕೆ ಸೋಡಾ ಹಾಕಿರಿ ಎಂದರೆ, "ಒಲ್ಲೆ, ಆ ಮೆತ್ತನ್ನ ಬ್ಯಾಳಿ ನೋಡಿದ್ರ ನನಗ ಮಗಳ ಹಲ್ಲು ಕಣ್ಮುಂದ ಬರ್ತಾವ," ಎನ್ನುತ್ತಿದ್ದರು. ಗಂಡ ಕಾಳನ್ನು ಒಂದೊಂದಾಗಿ ಅಗಿಯುತ್ತಾ ಉಣ್ಣುತ್ತಿದ್ದರು. ಪಾಪ, ಎಂಥ ಮನುಷ್ಯ!

ಮಗಳು ಬೆಳೆದಳು. ಓದಿನಲ್ಲಿ ಚುರುಕು. ಹರಟೆಯಲ್ಲೂ ಚುರುಕು. ಆದರೆ ನಗು ಬಂದಾಗಲೆಲ್ಲ ಕೈ ತಾನಾಗಿ ಮೇಲೇಳುತ್ತಿತ್ತು. ಫೋಟೋ ತೆಗೆಸಿಕೊಳ್ಳುವಾಗ ತುಟಿ ಬಿಗಿಯುತ್ತಿದ್ದಳು. ಅವಳು ತಾಯಿಯನ್ನು ಒಂದು ದಿನವೂ ದೂರಲಿಲ್ಲ. ಅದೇ ಅಕ್ಕೋರನ್ನು ತಿನ್ನುತ್ತಿತ್ತು. ಒಮ್ಮೆ ನಾನು ಅಲ್ಲಿದ್ದಾಗಲೇ ಯಾವುದೋ ಸಣ್ಣ ಮಾತಿಗೆ ಅಕ್ಕೋರು ಕೂಗಾಡಿದರು. "ಬೈದ್ಬಿಡು ಒಮ್ಮೆ! ನಿನ್ನಿಂದನ ಹಿಂಗಾತು ಅಂತ ಬೈ! ಎಷ್ಟು ವರ್ಷ ಬಾಯಿ ಮುಚ್ಚಿಕೊಂಡು ಇರ್ತೀದಿ?"

ಮಗಳು ಲೋಟ ತೊಳೆಯುತ್ತಾ, "ಯಾಕ ಬೈಲಿ? ನೀರು ನೀ ಮಾಡಿದ್ದೇನು?" ಎಂದಳು. ಅಷ್ಟು ಹೇಳಿ ಒಳಗೆ ಹೋದಳು. ಅಕ್ಕೋರು ಅಂಗಳದಲ್ಲಿ ಈ ಗೋಡೆಯಿಂದ ಆ ಗೋಡೆಗೆ ಓಡಾಡಿದರು. ಆಮೇಲೆ ನನ್ನ ಹತ್ತಿರ ಬಂದು ನಿಂತು, "ಆಕಿ ಬಾಯಿತುಂಬ ನಕ್ಕಿದ್ದು ನೋಡಬೇಕು ತಂಗಿ. ಅಷ್ಟ ನನಗ ಬೇಕಾಗಿರೂದು," ಎಂದರು.

ಮಗಳನ್ನು ಗಂಗಾವತಿಗೆ ಮದುವೆ ಮಾಡಿಕೊಟ್ಟರು. ಹುಡುಗನ ಮನೆಯವರು ಹಲ್ಲಿನ ಮಾತೆತ್ತಲಿಲ್ಲ. ಅಕ್ಕೋರೇ ಎತ್ತಿದರು. ಬೀಗರ ಮುಂದೆ ಕುಳಿತು, ಇದು ರೋಗವಲ್ಲ, ಮುಂದೆ ಹುಟ್ಟುವ ಕೂಸಿಗೆ ಬರುವುದಿಲ್ಲ, ಇದು ನಾನು ಕುಡಿಸಿದ ನೀರು ಎಂದು ಪಾಠ ಹೇಳಿದಂತೆ ಹೇಳಿದರು. ಬೀಗಿತಿ ನಕ್ಕು, "ನಮ್ಮ ಕಡೆ ಹೊಳಿ ನೀರು ಐತ್ರಿ, ಚಿಂತಿ ಮಾಡಬ್ಯಾಡ್ರಿ," ಎಂದರಂತೆ. ಹೊಳೆ ಎಂಬ ಮಾತು ಕೇಳಿ ಅಕ್ಕೋರು ಅಲ್ಲಿಯೇ ಅತ್ತುಬಿಟ್ಟರಂತೆ.

ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಭಾಷಣವನ್ನೂ ಸರಿಯಾಗಿ ಮಾಡದೆ ಗಂಗಾವತಿ ಬಸ್ಸು ಹತ್ತಿದವರು ಅವರು. ಮೊಮ್ಮಗಳಿಗೆ ಆಗ ಹಾಲುಹಲ್ಲು ಇನ್ನೂ ಗಟ್ಟಿಯಾಗಿದ್ದವು. ಫೋನು ಮಾಡಿದಾಗಲೆಲ್ಲ ನನಗೆ ಅದರದ್ದೇ ಸುದ್ದಿ. "ಒಂದು ಅಳ್ಳಾಡಾಕತ್ತೈತಿ ತಂಗಿ." "ಇನ್ನೂ ಬಿದ್ದಿಲ್ಲ ನೋಡು." ಗಂಗಾವತಿಯ ನೀರನ್ನೂ ಕೊಪ್ಪಳಕ್ಕೆ ಕಳಿಸಿ ಪರೀಕ್ಷೆ ಮಾಡಿಸಿದ್ದರು. ಸರಿಯಿದೆ ಎಂದು ಬಂದರೂ ಅವರಿಗೆ ನಂಬಿಕೆಯಿಲ್ಲ. ಮತ್ತೆ ಕಳಿಸಿದರು. "ಹೊಳಿ ನೀರಿನ ಮ್ಯಾಲೂ ನಿಮಗ ಸಂಶೇನ್ರಿ?" ಎಂದರೆ, "ಒಮ್ಮಿ ನಂಬಿ ನೋಡೀನಿ," ಎಂದರು.

ಈ ಶ್ರಾವಣದಲ್ಲಿ ಅವರ ಗಂಡನ ಫೋನು ಬಂತು. ಮಾತು ಕಡಿಮೆಯ ಮನುಷ್ಯ, ಒಂದೇ ಮಾತು ಹೇಳಿದರು. "ಸರ್ಕಸ್ ಮುಗೀತ್ರಿ." ನನಗೆ ಜ್ವರವಿತ್ತು, ಅಕ್ಕೋರ ಮಣ್ಣಿಗೆ ಹೋಗಲಾಗಲಿಲ್ಲ. ವಾರದ ಮೇಲೆ ಗಂಗಾವತಿಗೆ ಹೋದೆ.

ಕುಷ್ಟಗಿಗೂ ಈಗ ದೂರದ ಹೊಳೆಯ ನೀರು ನಳದಲ್ಲಿ ಬರುತ್ತದೆ, ದಿನಾ ಅಲ್ಲ, ಬಂದಾಗ ಬರುತ್ತದೆ. ಬಾರದ ದಿನ ಹಳೆಯ ಬೋರಿನದೇ ಗತಿ. ಶಾಲೆಯಲ್ಲಿ ಆ ಪರೀಕ್ಷೆಯಾದ ದಿನದಿಂದ ನಾನಂತೂ ಯಾವ ನೀರನ್ನೂ ನೆಮ್ಮದಿಯಿಂದ ಕುಡಿದಿಲ್ಲ. ರುಚಿಯಾಗಿದ್ದರೆ ಅನುಮಾನ, ರುಚಿಯಿಲ್ಲದಿದ್ದರೂ ಅನುಮಾನ. ಬಸ್ಸಿನುದ್ದಕ್ಕೂ ಕೈಯಲ್ಲಿದ್ದ ಬಾಟಲಿಯನ್ನು ಬೆಳಕಿಗೆ ಹಿಡಿದು ಹಿಡಿದು ನೋಡುತ್ತಿದ್ದೆ. ಅವರು ನನಗೆ ಬಿಟ್ಟುಹೋದ ಆಸ್ತಿ ಇದೇ ಎಂದು ಸಿಟ್ಟೂ ಬಂತು, ಅಳುವೂ ಬಂತು.

ಬಾಗಿಲು ತೆರೆದವರು ಅವರ ಗಂಡ. ಮಗಳು ಬಂದು ನನ್ನನ್ನು ತಬ್ಬಿಕೊಂಡಳು. ಇಬ್ಬರೂ ಅತ್ತೆವು. ನೀರು ತಂದುಕೊಟ್ಟಳು, ಕುಡಿದೆ. ಅಷ್ಟರಲ್ಲಿ ಮೊಮ್ಮಗಳು ಒಳಗಿನಿಂದ ಓಡಿಬಂದು ನನ್ನ ಮುಂದೆ ನಿಂತು, ಯಾರೂ ಕೇಳದೆಯೇ ತಲೆ ಎತ್ತಿ ಬಾಯಿ ಅಗಲ ತೆಗೆದಳು.

"ಅವ್ವ ದಿನಾ ಮುಂಜಾನೆ ಈಕೀನ ಬಿಸಲಿಗೆ ನಿಲ್ಲಿಸಿ ಬಾಯಿ ತೆಗಸ್ತಿದ್ಲು," ಎಂದಳು ಮಗಳು. "ಈಗ ಮನಿಗೆ ಯಾರು ಬಂದ್ರೂ ಇದ ಕೆಲಸ."

ಮೇಲಿನ ಸಾಲಿನಲ್ಲಿ ಎರಡು ಹೊಸ ಹಲ್ಲು. ಒಂದು ಪೂರ್ತಿ ಬಂದಿತ್ತು. ಇನ್ನೊಂದು ವಸಡು ಸೀಳಿ ಈಗಷ್ಟೇ ತುದಿ ತೋರಿಸಿತ್ತು. ಎರಡೂ ಬೆಳ್ಳಗಿದ್ದವು.

ಹುಡುಗಿ ಮೊದಲ ಹಲ್ಲನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. "ಇದು ಅಜ್ಜಿ ನೋಡ್ಯಾಳ." ಆಮೇಲೆ ಎರಡನೆಯದನ್ನು ಮುಟ್ಟಿದಳು. "ಇದು ನೋಡಿಲ್ಲ. ಇದು ಆಮ್ಯಾಲ ಬಂತು. ಲಗೂ ಬಾ ಅಂತ ನಾ ದಿನಾ ಇದಕ್ಕ ಹೇಳ್ತಿದ್ದೆ, ಕೇಳಲಿಲ್ಲ ಇದು. ಭಾಳ ಸೊಕ್ಕು ಇದಕ್ಕ."

ಸೊಕ್ಕಿನ ಹಲ್ಲಿಗೆ ಬೆರಳು ತೋರಿಸಿ ಗದರಿದ ಆ ದನಿ ಥೇಟ್ ಅಕ್ಕೋರದೇ. ಮಗಳಿಗೆ ತಡೆಯಲಾಗಲಿಲ್ಲ. ಕಣ್ಣೀರು ಸುರಿಯುತ್ತಿದ್ದಂತೆಯೇ ನಕ್ಕುಬಿಟ್ಟಳು, ತಾಯಿಯ ಹಾಗೆ ಜೋರಾಗಿ, ಬಾಯಿತುಂಬ. 

ಅವಳ ಎರಡೂ ಕೈ ಮಗುವಿನ ಭುಜದ ಮೇಲಿದ್ದವು. ಮೇಲೇಳಲಿಲ್ಲ.